ಹನ್ನೆರಡು ಚಶ್ಮಾ

ರೈಟ್ ಮಾರ್ಕ್ ಹಾಕುವಾಗ ಪೆನ್ನು ಒಂದು ಸಲವಾದರೂ ತಡೆದಿತ್ತೇ? ಎಷ್ಟು ಯೋಚಿಸಿದರೂ ರಂಜನಾಳಿಗೆ ನೆನಪಾಗುತ್ತಿರಲಿಲ್ಲ. ಇದಕ್ಕಿಂತ ದೊಡ್ಡ ಚಿಂತೆಗಳು ಇದ್ದವು. ಆದರೆ ಡೈರಿ ತೆರೆದಾಗಲೆಲ್ಲ ಮನಸ್ಸು ಈ ಸಣ್ಣದರ ಮುಂದೆಯೇ ಬಂದು ನಿಲ್ಲುತ್ತಿತ್ತು. ಹನ್ನೆರಡು ಹೆಸರು, ಹನ್ನೆರಡು ಗುರುತು. ಒಂದು ಕಡೆಯಾದರೂ ಪೆನ್ನು ತಡೆದಿದ್ದರೆ ತಾನು ಅಷ್ಟು ಕೆಟ್ಟವಳಲ್ಲ ಅಂದುಕೊಳ್ಳಬಹುದಿತ್ತು. ‘ಇವತ್ತೂ ಬರೆಯಲಾಗಲಿಲ್ಲ’ ಎಂದಷ್ಟೇ ಬರೆದು, ಕೆಳಗೊಂದು ಗೆರೆ ಎಳೆದು, ಡೈರಿಯನ್ನು ಬ್ಯಾಗಿನಲ್ಲಿ ಟಿಫಿನ್ ಡಬ್ಬಿಯ ಕೆಳಗೆ ಮುಚ್ಚಿಟ್ಟಳು.

ಅವಳು ಕೂತಿದ್ದದ್ದು ಸವದತ್ತಿಯ ಹೊರಗೆ, ಗುಡ್ಡದ ಬುಡದಲ್ಲಿ ಕಂಪನಿಯವರು ಆಫೀಸು ಮಾಡಿಕೊಂಡಿದ್ದ ತಗಡಿನ ಕಂಟೇನರಿನಲ್ಲಿ. ಗುಡ್ಡದ ಮೇಲೆ ಇಪ್ಪತ್ತು ವರ್ಷದ ಹಿಂದೆ ನಿಲ್ಲಿಸಿದ, ಕರೆಂಟು ಮಾಡುವ ಗಾಳಿ ಫ್ಯಾನುಗಳಿಗೆ ವಯಸ್ಸಾಗಿತ್ತು. ಅವನ್ನು ಇಳಿಸಿ ದೊಡ್ಡವನ್ನು ನಿಲ್ಲಿಸುವ ಕೆಲಸ ನಡೆದಿತ್ತು. ಕಂಬದ ಕಬ್ಬಿಣ ಕುಲುಮೆಗೆ ಹೋಗುತ್ತಿತ್ತು, ತಾಮ್ರ ಅದಕ್ಕಿಂತ ಮೊದಲೇ ಹೋಗುತ್ತಿತ್ತು, ಗೇರ್ ಬಾಕ್ಸಿನ ಕರಿ ಎಣ್ಣೆ ಬ್ಯಾರಲ್ಲುಗಳಲ್ಲಿ ತುಂಬಿ ಮತ್ತೆ ಶುದ್ಧವಾಗಲು ಹೋಗುತ್ತಿತ್ತು. ಯಾರಿಗೂ ಬೇಡವಾದದ್ದು ರೆಕ್ಕೆಗಳು. ಗಾಜಿನ ನೂಲನ್ನು ಅಂಟಿನಲ್ಲಿ ಗಟ್ಟಿ ಮಾಡಿದ ಆ ಉದ್ದನೆಯ ರೆಕ್ಕೆ ಕರಗುವುದಿಲ್ಲ, ಕೊಳೆಯುವುದಿಲ್ಲ. ಬೇರೆ ಕಡೆ ಹೂಳುತ್ತಾರಂತೆ. ಇಲ್ಲಿ ಮಾತ್ರ ಗೇಟಿನ ಮೇಲೆ ಹಸಿರು ಬೋರ್ಡಿತ್ತು: ‘ಒಂದು ತುಣುಕನ್ನೂ ಮಣ್ಣಿಗೆ ಹಾಕುವುದಿಲ್ಲ.’

ಹಾಗಾಗಿ ರೆಕ್ಕೆಗಳನ್ನು ಕೊಯ್ಯಲು ಉಗರಗೋಳದ ಹಜರತಸಾಬ ಬಂದಿದ್ದ. ಬಸ್ಸು, ಟ್ರಕ್ಕುಗಳ ಬಾಡಿ ಕಟ್ಟಿ ಪಳಗಿದ ಕೈ. ಅವನೂ ಅವನ ಹನ್ನೊಂದು ಜನವೂ ರೆಕ್ಕೆಗಳನ್ನು ಗ್ರೈಂಡರಿನಲ್ಲಿ ಸೀಳಿ, ಶಾಲೆಗಳಿಗೆ ಬೆಂಚು ಮಾಡಿದರು, ಎಮ್ಮೆಗಳಿಗೆ ಮೇವು ಹಾಕುವ ಗ್ವಾದಲಿ ಮಾಡಿದರು, ಬಸ್ ಸ್ಟಾಪಿಗೆ ನೆರಳು ಮಾಡಿದರು. ರಂಜನಾ ಬಿ.ಎಸ್ಸಿ. ಮುಗಿಸಿ ಆಫೀಸಿಗೆ ಸೇರಿದ ವಾರವೇ ಅವಳಿಗೊಂದು ಮೇಜೂ ಬಂತು. ಗಾಜಿನ ಎಳೆ ಅವಳ ಮುಂಗೈಗೆ ಚುಚ್ಚಬಾರದೆಂದು ಅವನು ಅದನ್ನು ಮೂರು ದಿನ ಉಜ್ಜಿದ್ದ. ರಜಿಸ್ಟರ್ ಇರುತ್ತಿದ್ದದ್ದು ಆ ಮೇಜಿನ ಮೇಲೆಯೇ.

ಏನು ಹೊರಗೆ ಹೋಯಿತು, ಏನು ಒಳಗೆ ಬಂತು, ಯಾರಿಗೆ ಏನು ಕೊಟ್ಟದ್ದು ಎಲ್ಲ ಆ ರಜಿಸ್ಟರಿನಲ್ಲಿ. ಕೊಯ್ಯುವ ಜಾಗ ನಾಲ್ಕು ಮೈಲಿ ಮೇಲಿತ್ತು. ಒಂದು ಸಹಿಗೆ ಇಳಿದು ಬಂದರೆ ಅರ್ಧ ದಿನ ಹಾಳು. ಅದಕ್ಕೆ ಒಂದನೇ ತಾರೀಖಿಗೆ ಎಲ್ಲರೂ ಖಾಲಿ ಹಾಳೆಯ ಮೇಲೆ ಸಹಿ ಹಾಕಿ ಹೋಗುವುದು, ಆಮೇಲೆ ರಂಜನಾ ತುಂಬಿಕೊಳ್ಳುವುದು ಎಂದಾಗಿತ್ತು. “ಬರ್ಯಾಕಿ ನೀ ಅಂದ ಮ್ಯಾಲ ನಾವು ನೋಡೂದೇನೈತಿ ಬೇಟಾ?” ಎನ್ನುತ್ತಿದ್ದ ಹಜರತಸಾಬ, ತನ್ನ ಹೆಸರಿನ ಕೊನೆಯ ಬ-ಕ್ಕೆ ಉದ್ದ ಬಾಲ ಎಳೆಯುತ್ತ.

ಮೂರು ತಿಂಗಳ ಹಿಂದೆ, ತಪಾಸಣೆಯವರು ಬರುವ ಮುನ್ನಾದಿನ, ಸೈಟಿನ ಮೇಲ್ವಿಚಾರಕ ಶ್ರೀಶೈಲ ಹೇಳಿದ್ದ: “ಕೈಗವಸ ಬಂದಾವು, ಮಾಸ್ಕ್ ಬಂದಾವು. ಚಶ್ಮಾ ಹುಬ್ಬಳ್ಳಿ ಬಿಟ್ಟಾವಂತ. ಎರಡ ದಿನದಾಗ ಬರತಾವು, ಈಗ ರೈಟ್ ಹಾಕಿ ಬಿಡು.” ಸಹಿಗಳು ಮೊದಲೇ ಇದ್ದವು. ಹನ್ನೆರಡು ಹೆಸರಿನ ಮುಂದೆಯೂ ಅವಳು ಹಾಕಿದಳು. ಚಶ್ಮಾ ಬರಲಿಲ್ಲ. ಯಾರೂ ಕೇಳಲಿಲ್ಲ, ಅವಳೂ ಕೇಳಲಿಲ್ಲ. ಕೇಳಬೇಕೆಂದು ಎರಡು ಸಲ ಎದ್ದು ಬಾಗಿಲವರೆಗೆ ಹೋಗಿ ಬಂದದ್ದು ಡೈರಿಯಲ್ಲಿದೆ. ಆಮೇಲೊಂದು ಮಧ್ಯಾಹ್ನ ಗ್ರೈಂಡರಿನಿಂದ ಸಿಡಿದ ಚೂರು ಹಜರತಸಾಬನ ಎಡಗಣ್ಣಿಗೆ ಬಡಿಯಿತು. ಹುಬ್ಬಳ್ಳಿಯಲ್ಲಿ ಎರಡು ಸಲ ಆಪರೇಷನ್ ಮಾಡಿದರು. ಕಣ್ಣು ಉಳಿಯಲಿಲ್ಲ.

ಹೊರಗೆ ಬೈಕು ನಿಂತಿತು. ಶ್ರೀಶೈಲ ಒಳಗೆ ಬಂದು ಟೈಪು ಮಾಡಿದ ಹಾಳೆಯೊಂದನ್ನು ಮೇಜಿನ ಮೇಲಿಟ್ಟ.

“ಸೋಮವಾರ ಪುಣೆ ಹೆಡ್ಡಾಫೀಸಿನವ್ರು ವಿಚಾರಣಿಗೆ ಬರಾಕತ್ತಾರ. ಅದಕ್ಕಿಂತ ಮೊದಲ ಇದರ ಮ್ಯಾಲ ಹಜರತ ಚಾಚಾನ ಸಹಿ ಬೇಕು.”

ಅವಳು ಓದಿದಳು. ‘ಸುರಕ್ಷತಾ ಕನ್ನಡಕವನ್ನು ಪಡೆದಿದ್ದರೂ, ಘಟನೆಯ ದಿನ ನಾನು ಅದನ್ನು ಧರಿಸಿರಲಿಲ್ಲ.’

“ನಾ ಹೋಗ್ಬೇಕೇನ್ರಿ ಸರ್?”

“ಮತ್ತ್ಯಾರು? ನಾ ಹೋದ್ರ ಚಾಚಾನ ಹೆಂಡ್ತಿ ನೂರಬಿ ಕಸಬರಗಿ ತಗೋತಾಳ. ನಿನಗಾದ್ರ ಚಹಾ ಕುಡಸ್ತಾಳ.”

“ಆದ್ರ ಚಶ್ಮಾ…”

“ರಜಿಸ್ಟರದಾಗ ಏನೈತಿ?”

ಅವಳು ರಜಿಸ್ಟರನ್ನು ಮೇಜಿನ ಅಂಚಿಗೆ ಸರಿಯಾಗಿ ಜೋಡಿಸಿದಳು.

“ಯಾರ ಅಕ್ಷರ?” ಅವನು ಒಂದು ಕ್ಷಣ ಬೇರೆ ಕಡೆ ನೋಡಿದ. ಆ ದಿನ ಹಜರತಸಾಬನನ್ನು ಹೊತ್ತು ಜೀಪಿಗೆ ಹಾಕಿದ್ದವನು ಅವನೇ. ರಕ್ತವಾದ ಅಂಗಿಯಲ್ಲೇ ರಾತ್ರಿಯೆಲ್ಲ ಆಸ್ಪತ್ರೆಯಲ್ಲಿ ಕೂತಿದ್ದ. “ನಂದೂ ನೌಕರಿ ಐತಿ ರಂಜನಾ, ಎರಡು ಕೂಸು ಅದಾವು. ಸೋಮವಾರ ಅವ್ರು ಏನ ಕೇಳಿದ್ರೂ ಸುಮ್ಕಿದ್ದು ಬಿಡು. ನಿನಗೇನ ಅದನ್ನ ಹೇಳಿ ಕೊಡಬೇಕ? ಮೂರ ಹೊತ್ತೂ ಸುಮ್ಕ ಇರಾಕಿ ನೀ,” ಎಂದು ನಕ್ಕ. ಅವಳೂ, ರೂಢಿಯಂತೆ, ಸ್ವಲ್ಪ ನಕ್ಕಳು.

ಉಗರಗೋಳದಲ್ಲಿ ಬಸ್ಸಿಳಿದಾಗ ಬಿಸಿಲು ಇಳಿಮುಖವಾಗಿತ್ತು. ದೇವಿಯ ಗುಡ್ಡಕ್ಕೆ ಹೋಗುವ ಭಕ್ತರಿಗೆಂದು ಭಂಡಾರ, ಬಳೆ, ತೆಂಗಿನಕಾಯಿ ಇಟ್ಟ ಅಂಗಡಿಗಳ ಸಾಲಿನಲ್ಲಿ ಒಬ್ಬ ಕರಿ ಚಶ್ಮಾಗಳನ್ನು ಹಗ್ಗಕ್ಕೆ ತೂಗುಹಾಕಿದ್ದ. ಅವಳ ಕೊರಳಲ್ಲಿದ್ದ ಕಂಪನಿಯ ಗುರುತಿನ ಚೀಟಿ ನೋಡಿ ಪಕ್ಕದವನಿಗೆ ಹೇಳಿದ: “ಏ, ಕಂಪನಿಯವ್ರು ಬಂದ್ರಲೇ. ಹಜರತ ಚಾಚಾ ಮಾರಿದ್ದ ಚಶ್ಮಾ ಇದರಾಗ ಯಾವುದೈತಿ, ತಗದು ಕೊಡು.” ಪಕ್ಕದವನು, “ಅದನ್ನ ಮಾರಿ ಅಂವ ಆಗಲೇ ಮಿರ್ಚಿ ತಿಂದು ಮುಗಿಸ್ಯಾನ,” ಎಂದ. ಇಬ್ಬರೂ ನಕ್ಕರು. ರಂಜನಾ ದುಪಟ್ಟಾವನ್ನು ಚೀಟಿಯ ಮೇಲೆ ಎಳೆದುಕೊಂಡು ಬಿರಬಿರನೆ ನಡೆದಳು. ಕೊಟ್ಟ ಚಶ್ಮಾವನ್ನು ಅವನೇ ಮಾರಿಕೊಂಡನೆಂಬ ಮಾತು ಆಫೀಸಿನಿಂದ ಹೊರಟು ಇಲ್ಲಿಯವರೆಗೆ ಬಂದಿತ್ತು.

ಮನೆಯ ಮುಂದೆ, ರೆಕ್ಕೆಯ ಬಾಗಿದ ತುಂಡೊಂದರ ಮೇಲೆ ಸಂಡಿಗೆ ಒಣಗುತ್ತಿದ್ದವು. ಬಾಗಿಲು ತೆರೆದಿತ್ತು. ಒಳಗೆ ಕಾಲಿಡಲು ಜಾಗವಿರಲಿಲ್ಲ. ಟ್ರಂಕಿನಲ್ಲಿದ್ದದ್ದೆಲ್ಲ ನೆಲದ ಮೇಲಿತ್ತು. ಮದುವೆಯ ಸೀರೆ, ಕೌದಿ, ಮೊಮ್ಮಕ್ಕಳ ಕುಲಾಯಿ, ಹಳೆಯ ಉಳಿ ಸುತ್ತಿಗೆ. ಅಕ್ಕಿ ಡಬ್ಬಿಯೂ ಒಂದು ಹಾಳೆಯ ಮೇಲೆ ಬರಿದಾಗಿತ್ತು.

“ಬಾ ಬಾ ಬೇಟಾ, ಆ ಕೌದಿ ತುಳದ ಬಾ, ಏನಾಗಂಗಿಲ್ಲ,” ಎಂದಳು ನೂರಬಿ. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ಮೊಣಕೈವರೆಗೂ ಕೈ ಕೆರೆದು ಕೆಂಪಾಗಿತ್ತು. ಗಂಡನ ಕೆಲಸದ ಬಟ್ಟೆ ಒಗೆದೊಗೆದು ಗಾಜಿನ ಎಳೆಗಳು ಅವಳ ಚರ್ಮಕ್ಕೂ ಇಳಿದಿದ್ದವು.

“ಮನಿ ಸಾರ್ಸಾಕತ್ತೀರೇನ್ರಿ ಚಾಚಿ?”

“ಸಾರ್ಸೂದೆಲ್ಲೀದು! ಚಶ್ಮಾ ಹುಡಕಾಕತ್ತೇನಿ. ಎಂಟ ದಿನಾ ಆತು. ಮಂದಿ ಮಾರ್ಯಾನ ಅಂತಾರ. ಮಾರೂ ಮನಷ್ಯಾ ಅಲ್ಲ ಇಂವಾ, ಎಲ್ಲೋ ಇಟ್ಟು ಮರತಾನ. ಸಿಕ್ಕರ ಒಯ್ದು ಆ ಅಂಗಡಿಯವ್ನ ಮಾರಿ ಮುಂದ ಹಿಡೀತೇನಿ.”

ಗೋಡೆಗೆ ಒರಗಿ ಕೂತಿದ್ದ ಹಜರತಸಾಬ ದನಿ ಬಂದ ಕಡೆ ಪೂರ್ತಿ ತಲೆ ತಿರುಗಿಸಿದ. ಎಡಗಣ್ಣಿನ ಮೇಲೆ ಬಿಳಿ ಹತ್ತಿ ಇತ್ತು.

“ರಂಜನಾ ಬಂದಾಳೇನ? ಮೇಜು ಅಲಗಾಡೂದು ನಿಂತಿತಿಲ್ಲ? ಒಂದ ಕಾಲು ಸಣ್ಣದೈತಿ ಅದರದು.”

“ನಿಂತೈತ್ರಿ ಚಾಚಾ.”

“ಮೊದಲ ನಾನೂ ಇಕೀಗೆ ಹೇಳಿದೆ, ನನಗ ಕೊಟ್ಟಿಲ್ಲ ಅಂತ,” ಎಂದ ಅವನು, ತಪ್ಪು ಒಪ್ಪಿಕೊಳ್ಳುವವನಂತೆ. “ಆಮ್ಯಾಲ ಶ್ರೀಶೈಲ ಫೋನಿನ್ಯಾಗ ಹಾಳಿ ಫೋಟೊ ತೋರ್ಸಿದ. ನನ್ನ ಸಹಿ ಐತಿ, ನಿನ್ನ ಅಕ್ಷರ ಐತಿ. ನೀ ಕೊಡದಽ ಬರ್ಯಾಕಿ ಅಲ್ಲ. ಅಂದ್ರ ತಗೊಂಡೇನಿ. ಕಣ್ಣು ಹೋದದ್ದು ಹೋಗ್ಲಿ ಬೇಟಾ, ಈ ತಲೀನೂ ಹೋತಲ್ಲ ಅಂತ ಅಂಜಿಕಿ ಬರತೈತಿ. ರಾತ್ರೆಲ್ಲಾ ಕುಂತು ನೆನಸ್ತೇನಿ, ಎಲ್ಲಿಟ್ಟೆ, ಎಲ್ಲಿಟ್ಟೆ ಅಂತ. ನೀ ಕೊಡೂಮುಂದ ಯಾವ ಅಂಗಿ ಹಾಕ್ಕೊಂಡಿದ್ದೆ ನಾ? ನಿನಗ ನೆನಪೈತೇನ?”

ರಂಜನಾ ಬ್ಯಾಗಿನಿಂದ ಟೈಪು ಮಾಡಿದ ಹಾಳೆ ತೆಗೆದು ಕೈಯಲ್ಲೇ ಹಿಡಿದುಕೊಂಡಳು.

“ಇರ್ಲಿ ಬಿಡು. ಸಹಿ ಬೇಕಂತ ಶ್ರೀಶೈಲ ಫೋನ್ ಮಾಡಿದ್ದ. ಕೊಡಿಲ್ಲಿ.”

ಅವಳು ಕೊಡಲಿಲ್ಲ. ಅವನೇ ಕೈ ಚಾಚಿ, ಅವಳ ಬೆರಳ ಸಂದಿನಿಂದ ಹಾಳೆ ತೆಗೆದುಕೊಂಡು ಮೊಣಕಾಲ ಮೇಲೆ ಹಲಗೆ ಇಟ್ಟುಕೊಂಡ. ಓದಲಿಲ್ಲ. ಜೇಬಿನಿಂದ ಪೆನ್ನು ತೆಗೆದು ಬರೆಯತೊಡಗಿದ. ಪೆನ್ನಿನ ತುದಿ ಕಾಗದಕ್ಕಿಂತ ಒಂದು ಬೆರಳು ಮೇಲೆ, ಬರಿಯ ಗಾಳಿಯಲ್ಲಿ, ಅವನ ಹೆಸರನ್ನು ಅಕ್ಷರ ಅಕ್ಷರವಾಗಿ ಬರೆದು, ಕೊನೆಯ ಬ-ಕ್ಕೆ ಉದ್ದ ಬಾಲ ಎಳೆಯಿತು.

“ಮೂಡಿತೇನ?”

“ಇಲ್ರಿ.”

“ಒಂದ ಕಣ್ಣಿಗೆ ಕಾಗದ ಎಷ್ಟ ದೂರ ಐತಿ ಅನ್ನೂದ ತಿಳೀವಲ್ತು. ನೀನ ಕೈ ಹಿಡದು ಇಡಸು ಬೇಟಾ.”

ಅವಳು ಅವನ ಕೈ ಹಿಡಿದಳು. ಹೆಬ್ಬೆರಳ ಬುಡದಲ್ಲಿ ಚರ್ಮದೊಳಗೆ ಸಿಕ್ಕ ಗಾಜಿನ ಎಳೆಗಳು ಬಾಗಿಲ ಬೆಳಕಿಗೆ ಮಿಣುಮಿಣು ಎಂದವು. ಕೈ ಹಗುರವಾಗಿತ್ತು, ಎಲ್ಲಿಟ್ಟರೆ ಅಲ್ಲಿ ಇಳಿಯಲು ತಯಾರಾಗಿತ್ತು.

ಅಡುಗೆಮನೆಯಲ್ಲಿ ಸ್ಟೂಲು ಕಿರ್ರೆಂದಿತು. ನೂರಬಿ ಅಟ್ಟಕ್ಕೆ ಕೈ ಚಾಚಿ ನಿಂತಿದ್ದಳು. “ಇದೊಂದ ಡಬ್ಬಿ ಉಳದೈತಿ ನೋಡು. ಇದರಾಗ ಇದ್ದಽ ಇರತೈತಿ.”

“ಚಾಚಿ, ಇಳೀರಿ,” ಎಂದಳು ರಂಜನಾ. ಅವಳಿಗೇ ಕೇಳಿಸದಷ್ಟು ಸಣ್ಣ ದನಿ.

“ಏನಂದಿ?”

ಡಬ್ಬಿಯ ಮುಚ್ಚಳ ತೆಗೆದ ಸದ್ದು. ಒಳಗೆ ಕೈಯಾಡಿಸುವ ಸದ್ದು. ಗುಂಡಿ, ಮೊಳೆ, ಹಳೆಯ ಬೀಗದ ಕೈಗಳು. ಹಜರತಸಾಬ ಆ ಕಡೆಗೇ ಕಿವಿಗೊಟ್ಟಿದ್ದ.

ರಂಜನಾ ಅವನ ಬೆರಳುಗಳಿಂದ ಪೆನ್ನು ಬಿಡಿಸಿಕೊಂಡಳು.

“ಹುಡಕಬ್ಯಾಡ್ರಿ ಚಾಚಿ. ಚಶ್ಮಾ ಬಂದಽ ಇಲ್ಲ. ನಾ ಸುಳ್ಳ ಬರದೇನ್ರಿ.”