ಯಾರ ಬಲಕ್ಕೆ

ಬ್ಯಾಟರಿ ಅಂಗಡಿಯಲ್ಲಿ ಅವಳನ್ನು ಎಲ್ಲರೂ ಗುಮ್ಮಿ ಎಂದೇ ಕರೆಯುತ್ತಿದ್ದರು. ಗುಮ್ಮನಗುಸುಕಿ ಎಂದು ದೊಡ್ಡಪ್ಪ ಇಟ್ಟ ಹೆಸರು ತೇಯ್ದು ತೇಯ್ದು ಅಷ್ಟಾಗಿತ್ತು. ಶಾಲೆ ಬಿಟ್ಟ ವರ್ಷದಿಂದ ದೊಡ್ಡಪ್ಪನ ಅಂಗಡಿಯಲ್ಲೇ ಅವಳ ಹಗಲು. ಹೊಸ ಬ್ಯಾಟರಿ ಬಂದರೆ ಒರೆಸಿ, ಕಪಾಟಿಗೆ ಏರಿಸುವ ಮೊದಲು ಪ್ರತಿಯೊಂದರ ಮೈಮೇಲೂ ಸೀಮೆಸುಣ್ಣದಲ್ಲಿ ‘ಎ’ ಅಥವಾ ‘ಬ’ ಎಂದು ಬರೆಯುವುದು ಅವಳ ಕೆಲಸ. ಎ ಅಂದರೆ ಎಡ, ಬ ಅಂದರೆ ಬಲ.

ಬ್ಯಾಟರಿಯ ತಲೆಯ ಮೇಲೆ, ಒಂದೇ ಅಂಚಿಗೆ, ಎರಡು ಸೀಸದ ಮೋಟುಗಳಿರುತ್ತವೆ. ಒಂದು ಪ್ಲಸ್ಸು, ಒಂದು ಮೈನಸ್ಸು. ಅಂಗಡಿಯಲ್ಲಿ ಅವಕ್ಕೆ ಕೊಂಬು ಎನ್ನುತ್ತಾರೆ. ನೋಡಲು ಅವಳಿ ಜವಳಿಯಂತಿರುವ ಎರಡು ಬ್ಯಾಟರಿಗಳಲ್ಲಿ ಒಂದಕ್ಕೆ ಪ್ಲಸ್ ಕೊಂಬು ಎಡಕ್ಕೆ, ಇನ್ನೊಂದಕ್ಕೆ ಬಲಕ್ಕೆ. ಕಾರಿನ ಕೇಬಲ್ಲುಗಳು ಗಿಡ್ಡ. ತಪ್ಪಿದ ಕಡೆಯ ಕೊಂಬಿಗೆ ಅವು ಎಟುಕುವುದಿಲ್ಲ. ಅದಕ್ಕೇ ದೊಡ್ಡಪ್ಪನ ನಿಯಮ ಒಂದೇ. “ಕೊಂಬು ನಿನ್ನ ಹೊಟ್ಟೆ ಕಡೆ ಇರ್ಲಿ. ಆಮೇಲೆ ಪ್ಲಸ್ಸು ಯಾವ ಕೈಗೆ ಸಿಗುತ್ತೋ ಅದೇ ಅದರ ಕಡೆ. ಇದನ್ನ ಮರೆತ್ರೆ ಎಡ ಹೋಗಿ ಎಡವಟ್ಟಾಗುತ್ತೆ.”

ಎಂಟು ತಿಂಗಳ ಹಿಂದೆ ಅಕ್ಕನ ಗಂಡ ಕೆಲಸಕ್ಕೆ ಬಂದ. ಮೊದಲು ಲಾರಿ ಶೆಡ್ಡಿನಲ್ಲಿದ್ದವನು. ಅಲ್ಲಿ ಎಡ ಬಲ ಎಂದರೆ ಡ್ರೈವರ್ ಸೀಟಿನಲ್ಲಿ ಕೂತವನ ಎಡ ಬಲ. ಭಾವ ಕಾರಿನ ಬಾನೆಟ್ ಎತ್ತಿ, ಒಳಗೆ ನೋಡಿ, ಮನಸ್ಸಿನಲ್ಲೇ ಸೀಟಿನಲ್ಲಿ ಕೂತು “ಬಲದ್ದು ಕೊಡು” ಎನ್ನುತ್ತಿದ್ದ. ಎದುರು ನಿಂತ ದೊಡ್ಡಪ್ಪನಿಗೆ ಅದು ಎಡ.

ಮೂರನೆಯ ದಿನವೇ ಗುಮ್ಮಿಗೆ ಇದು ಹೊಳೆದಿತ್ತು. ಧೈರ್ಯ ಮಾಡಿ ಹೇಳಿಯೂ ಹೇಳಿದಳು. ಭಾವ ನಕ್ಕ. “ಏಳನೇ ಕ್ಲಾಸಿಗೇ ಶರಣು ಹೊಡೆದೋಳು ನೀನು. ನಂಗೆ ಎಡ ಬಲ ಕಲಿಸೋಕೆ ನಿಂಗೇನು ಕೊಂಬಿದೆಯಾ?”

ಆ ದಿನ ಸಂಜೆ ಅಕ್ಕ ಬಟ್ಟೆ ಮಡಿಸುತ್ತ ಮೆಲ್ಲಗೆ ಹೇಳಿದಳು. “ಎರಡು ಕಡೆ ಕೆಲಸ ಬಿಟ್ಟು ಬಂದಿದ್ದಾರೆ ಕಣೇ. ಇಲ್ಲೂ ತಪ್ಪು ಅಂತ ಗೊತ್ತಾದ್ರೆ ದೊಡ್ಡಪ್ಪ ಇಟ್ಕೊಳಲ್ಲ. ನೀನೇ ಅಡ್ಜಸ್ಟ್ ಮಾಡ್ಕೋ.”

ಗುಮ್ಮಿ ಅಡ್ಜಸ್ಟ್ ಮಾಡಿಕೊಂಡಳು. ಭಾವ ಬ ಕೇಳಿದರೆ ಎ ಕೊಡುವುದು, ಎ ಕೇಳಿದರೆ ಬ. ಅಕ್ಷರದ ಮೇಲೆ ಅಂಗೈ ಮುಚ್ಚಿ ಹೊತ್ತು ತಂದು, ಒರೆಸುವ ನೆಪದಲ್ಲಿ ಅದನ್ನು ಅಳಿಸಿಬಿಡುತ್ತಿದ್ದಳು. ಎಂಟು ತಿಂಗಳು ಒಂದೂ ತಪ್ಪಾಗಲಿಲ್ಲ. “ನಿನ್ನ ಅಳಿಯನ ಕೈ ಒಳ್ಳೇದಯ್ಯ” ಎಂದು ಗಿರಾಕಿಗಳು ದೊಡ್ಡಪ್ಪನಿಗೆ ಹೇಳುತ್ತಿದ್ದರು. ಅವಳು ತುಟಿ ಪಿಟಕ್ಕೆನ್ನಲಿಲ್ಲ.

ಆ ಬೆಳಿಗ್ಗೆ ಅವಳು ಹಲ್ಲು ಕೀಳಿಸಿಕೊಳ್ಳಲು ಹೋಗಿದ್ದಳು. ನಾಲ್ಕು ದಿನದ ನೋವು ಒಂದು ಸೂಜಿಗೆ ಇಲ್ಲವಾಯಿತು. ಕೆಳತುಟಿ, ಅರ್ಧ ನಾಲಿಗೆ, ಗಲ್ಲ ಯಾವುದೂ ಅವಳದಾಗಿ ಉಳಿಯಲಿಲ್ಲ. ಹಲ್ಲಿನ ಡಾಕ್ಟರು ಹತ್ತಿ ಕಚ್ಚಿಸಿ, “ಒಂದು ಗಂಟೆ ಮಾತಾಡಬಾರದು” ಎಂದರು. ಅವಳಿಗೆ ಅದೇನೂ ಕಷ್ಟದ ಪಥ್ಯವಲ್ಲ.

ಅಂಗಡಿಗೆ ಬಂದಾಗ ಗೋಡೆ ಗಡಿಯಾರದಲ್ಲಿ ಹತ್ತೂಮುಕ್ಕಾಲು. ಭಾವ ಕೈ ತೊಳೆಯುತ್ತಿದ್ದ. ದೊಡ್ಡಪ್ಪ ಪೇಪರ್ ಓದುತ್ತಿದ್ದ.

“ಮೇಷ್ಟ್ರು ಬಂದಿದ್ರು. ನಿನ್ನ ಕೇಳಿದ್ರು” ಎಂದ ಭಾವ.

ಮೇಷ್ಟ್ರು ಎಂದರೆ ಎದುರು ಬೀದಿಯ ಡ್ರೈವಿಂಗ್ ಸ್ಕೂಲಿನವರು. ಅಂಗಡಿಗೆ ಬಂದಾಗಲೆಲ್ಲ ಅವರದು ಒಂದೇ ತಮಾಷೆ. “ಗುಮ್ಮೀ, ನಿಂಗೆ ಗಾಡಿ ಕಲಿಸಲ್ಲಮ್ಮ, ಬರೀ ಹಾರ್ನ್ ಹೊಡೆಯೋದು ಕಲಿಸ್ತೀನಿ.” ಅವಳನ್ನು ನಗಿಸಲು ಇನ್ನೂ ಪ್ರಯತ್ನಿಸುತ್ತಿದ್ದವರು ಅವರೊಬ್ಬರೇ.

ಅವಳ ಕಣ್ಣು ಕಪಾಟಿಗೆ ಹೋಯಿತು. ಎರಡನೆಯ ಹಲಗೆಯಲ್ಲಿ ಬ ಸಾಲಿನ ಕೊನೆಯಲ್ಲಿ ಖಾಲಿ ಜಾಗ, ಧೂಳಿನ ನಡುವೆ ಒಂದು ಚೌಕ. ಮೇಷ್ಟ್ರ ಕಾರಿಗೆ ಬೇಕಾದದ್ದು ಎ. ಹೋದ ಸಲ ಅವಳೇ ಕೊಟ್ಟಿದ್ದಳು. ಎ ಸಾಲು ತುಂಬಿತ್ತು.

“ಈ ಸಲ ಕಂಪನಿಯವ್ರು ಆಕಾರ ಬದಲಾಯಿಸಿದ್ದಾರೆ ಅನ್ಸುತ್ತೆ. ಕೇಬಲ್ಲು ಎಟುಕ್ಲಿಲ್ಲ” ಎಂದು ಭಾವ ಕೈ ಒರೆಸಿಕೊಳ್ಳುತ್ತ ಹೇಳಿದ. “ಬ್ಯಾಟರಿನೇ ಹಿಂದೆಮುಂದೆ ತಿರುಗಿಸಿ ಕೂರಿಸ್ದೆ. ಅವ್ರ ಹತ್ರ ಗಾಡಿ ಕಲೀತಿರೋ ಟೈಲರಮ್ಮಂಗೆ ಹನ್ನೊಂದು ಗಂಟೆಗೆ ಲೈಸೆನ್ಸ್ ಟೆಸ್ಟಂತೆ, ಇಬ್ರೂ ಓಡಿದ್ರು.”

ತಿರುಗಿಸಿ ಕೂರಿಸಿದರೆ ಕೊಂಬುಗಳು ಹಿಂದಿನ ಅಂಚಿಗೆ ಹೋಗುತ್ತವೆ. ಅಲ್ಲಿ ಬ್ಯಾಟರಿಯನ್ನು ಬಿಗಿದು ಹಿಡಿಯುವ ಕಬ್ಬಿಣದ ಪಟ್ಟಿ. ಪ್ಲಸ್ ಕೊಂಬಿಗೂ ಪಟ್ಟಿಗೂ ನಡುವೆ ಒಂದು ಬೆರಳು ಜಾಗ ಉಳಿದರೆ ಹೆಚ್ಚು. ಗಾಡಿ ಒಮ್ಮೆ ಕುಲುಕಿದರೆ ಸಾಕು, ಎರಡೂ ತಾಗಿ ಕಿಡಿ ಹಾರುತ್ತದೆ.

ಅವಳು ಬಾಯಿ ತೆರೆದಳು. ಅದು ತಪ್ಪು ಎನ್ನಹೋದರೆ “ಅಗು ಗಪ್ಪು” ಎಂದಿತು ಬಾಯಿ.

ದೊಡ್ಡಪ್ಪ ಪೇಪರ್ ಇಳಿಸಿದ. “ಏನಂತಪ್ಪ?”

“ಗಪ್ಪು. ಕಾವು ನಿಲ್ಲಿಸಿ.”

“ಕಾವಾ? ಜ್ವರ ಬಂದಿದೆಯೇನೋ ನೋಡು. ದಿನಾ ಮಾತಾಡದೋಳಿಗೆ ಇವತ್ತೇ ಮಾತು ಬಂದಿದೆ.” ದೊಡ್ಡಪ್ಪ ನಕ್ಕ. ಭಾವನೂ ನಕ್ಕ.

ಅವಳು ಸೀಮೆಸುಣ್ಣ ತೆಗೆದುಕೊಂಡು ನೆಲದ ಮೇಲೆ ಬರೆದಳು. ‘ಮೇಷ್ಟ್ರಿಗೆ ಎ ಬೇಕಿತ್ತು. ಹೋಗಿದ್ದು ಬ. ಗಾಡಿ ನಿಲ್ಲಿಸಿ.’

ದೊಡ್ಡಪ್ಪ ಓದಿದ. ಕಪಾಟು ನೋಡಿದ. ನಗು ಮುಖದ ಮೇಲೆಯೇ ಇತ್ತು, ತೆಗೆಯುವುದನ್ನು ಮರೆತವನ ಹಾಗೆ. ಫೋನೆತ್ತಿ ಮೇಷ್ಟ್ರಿಗೆ ಹಚ್ಚಿದ. ರಿಂಗಾಯಿತು, ನಿಂತಿತು. ಮತ್ತೆ ರಿಂಗಾಯಿತು. ಗಾಡಿಯಲ್ಲಿದ್ದಾಗ ಮೇಷ್ಟ್ರು ಫೋನ್ ಎತ್ತುವುದಿಲ್ಲ, ಕಲಿಯುವವರಿಗೂ ಎತ್ತಲು ಬಿಡುವುದಿಲ್ಲ. ಭಾವ ಸ್ಕೂಟರ್ ಒದ್ದು ಹೊರಟ.

ಗುಮ್ಮಿ ಸ್ಟೂಲಿನ ಮೇಲೆ ಕೂತಳು. ಅಳು ಬರುತ್ತದೇನೋ ಎಂದು ಕಾದಳು, ಬರಲಿಲ್ಲ. ಭಯವೂ ಗಲ್ಲದ ಹಾಗೆಯೇ ಇತ್ತು. ಇದೆ ಎಂದು ಗೊತ್ತು, ಮುಟ್ಟಿದರೆ ತಿಳಿಯುತ್ತಿರಲಿಲ್ಲ. ಎಂಜಲು ಸೋರಿ ಕುಪ್ಪಸದ ಮೇಲೆ ಬಿದ್ದದ್ದನ್ನು ಕಣ್ಣಿನಿಂದ ನೋಡಿಯೇ ಅರಿತಳು.

ಹನ್ನೊಂದೂಮುಕ್ಕಾಲಿಗೆ ಫೋನ್ ಬಂತು. ಟೈಲರಮ್ಮ. ದೊಡ್ಡಪ್ಪ ಸ್ಪೀಕರ್‌ಗೆ ಹಾಕಿದ.

“ಟೆಸ್ಟ್ ಮೈದಾನದಲ್ಲಿ ಉಬ್ಬಿನ ಮೇಲೆ ಹೋದೆ ಅಣ್ಣಾ, ನಿಧಾನಕ್ಕೇ ಹೋದೆ. ಟಪ್ ಅಂತು, ಹೊಗೆ ಬಂತು. ನೀವು ದೂರ ಹೋಗಿ ಅಂತ ನನ್ನ ಇಳಿಸಿ ಮೇಷ್ಟ್ರೇ ಬಾನೆಟ್ ಎತ್ತಿದ್ರು. ಸಿಡೀತು. ಬ್ಯಾಟರಿ ಒಳಗಿನ ಆಸಿಡ್ಡು ಅವ್ರ ಮುಖಕ್ಕೆ ಹಾರಿತು.” ಅವಳ ದನಿ ಪಟ್ಟಿ ಓದುವವರ ದನಿಯ ಹಾಗಿತ್ತು. “ಎಲ್ರೂ ಸೇರಿ ನೀರು ಹುಯ್ದ್ರು. ಈಗ ಆಸ್ಪತ್ರೇಲಿ ತೊಳೀತಾ ಇದ್ದಾರೆ. ಒಂದು ಕಣ್ಣು ಪರವಾಗಿಲ್ವಂತೆ. ಇನ್ನೊಂದು ಏನೂ ಹೇಳಕ್ಕಾಗಲ್ವಂತೆ.”

“ಯಾವ ಕಣ್ಣು?”

“ಬಲಗಡೇದು.”

ದೊಡ್ಡಪ್ಪ ಫೋನಿನ ಹತ್ತಿರಕ್ಕೆ ಬಾಗಿದ. ಆಮೇಲೆ, ಕೇಳಬಾರದ್ದನ್ನು ಕೇಳುವವನಂತೆ ತಗ್ಗಿದ ದನಿಯಲ್ಲಿ ಕೇಳಿದ. “ಯಾರ ಬಲಗಡೆ ಅಮ್ಮಾ? ಅವ್ರದಾ, ಎದುರು ನಿಂತ ನಿಮ್ಮದಾ?”

ಆಚೆ ಕಡೆ ಟೈಲರಮ್ಮ ತಡವರಿಸಿದಳು. “ಇರಿ ಅಣ್ಣಾ, ನೋಡಿ ಹೇಳ್ತೀನಿ” ಎಂದಳು.

ಭಾವ ಮರಳಿದಾಗ ಹನ್ನೆರಡಾಗಿತ್ತು. ಅಂಗಿಗೆಲ್ಲ ಸುಟ್ಟ ರಬ್ಬರಿನ ವಾಸನೆ. ಬಂದವನೇ ಕಪಾಟಿನ ಮುಂದೆ ನಿಂತು ಬೆರಳು ಮಾಡಿದ. “ಇವಳೇ ಬರ್ದಿದ್ದು ಬ ಅಂತ. ನಾನು ಬ ನೋಡಿ ತಗೊಂಡೆ. ಎಂಟು ತಿಂಗಳಿಂದ ನಂಗೆ ಸರಿಯಾಗೇ ಬರ್ತಿತ್ತು. ಇವತ್ತೇ ಹೇಗೆ ತಪ್ಪುತ್ತೆ?”

ದೊಡ್ಡಪ್ಪ ಒಂದು ಬ್ಯಾಟರಿ ಇಳಿಸಿ ಮೇಜಿನ ಮೇಲಿಟ್ಟ, ಕೊಂಬು ತನ್ನ ಹೊಟ್ಟೆಯ ಕಡೆಗೆ. “ಇದು ಯಾವ ಕಡೆದು, ಹೇಳು.”

ಭಾವ ಅದರ ಹಿಂದಕ್ಕೆ ಹೋಗಿ ನಿಂತ. ಅಭ್ಯಾಸಬಲ. ಅಲ್ಲಿಂದ ನೋಡಿ “ಬಲ” ಎಂದ. ಎದುರು ನಿಂತ ದೊಡ್ಡಪ್ಪನ ಎಡಗೈ ಅದೇ ಪ್ಲಸ್ ಕೊಂಬಿನ ಮೇಲಿತ್ತು.

ದೊಡ್ಡಪ್ಪ ಕೊಂಬಿನ ಮೇಲಿಂದ ಕೈ ತೆಗೆದ. ಆಮೇಲೆ ತಲೆಯೆತ್ತಿದ್ದು ಭಾವನ ಕಡೆಗಲ್ಲ. “ಎಂಟು ತಿಂಗಳು ಇವ್ನಿಗೆ ಸರಿಯಾದ್ದು ಹೇಗೆ ಸಿಗ್ತಿತ್ತು ಗುಮ್ಮೀ?”

ಬುತ್ತಿ ಹಿಡಿದು ಬಂದ ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಅವಳ ಕಣ್ಣು ತಂಗಿಯ ಬಾಯಿಯ ಮೇಲಿತ್ತು. ಬೇಡ ಎಂದು ಅವಳು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ತುಟಿ ಮರಗಟ್ಟಿದವಳು ಸುಮ್ಮನಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ.

ಗುಮ್ಮಿ ರಕ್ತ ಹತ್ತಿದ ಹತ್ತಿಯನ್ನು ಬಾಯಿಂದ ತೆಗೆದು ಅಂಗೈಯಲ್ಲಿ ಹಿಡಿದಳು.

“ನಂಗೆ ಗೊಕ್ಕಿಕ್ಕು” ಎಂದಳು.

ಈ ಸಲ ಯಾರೂ ಏನು ಎಂದು ಕೇಳಲಿಲ್ಲ. ಅಕ್ಕ ಬುತ್ತಿಯನ್ನು ನೆಲದ ಮೇಲಿಟ್ಟಳು, ಸೀಮೆಸುಣ್ಣದ ಅಕ್ಷರಗಳ ಪಕ್ಕದಲ್ಲೇ. ಭಾವ ತನ್ನ ಬಲಗೈಯನ್ನೊಮ್ಮೆ, ಎಡಗೈಯನ್ನೊಮ್ಮೆ ನೋಡಿಕೊಂಡ. ಮೇಜಿನ ಮೇಲಿದ್ದ ಫೋನ್ ರಿಂಗಾಯಿತು. ಪರದೆಯ ಮೇಲೆ ಟೈಲರಮ್ಮ ಎಂದಿತ್ತು. ದೊಡ್ಡಪ್ಪ ಎತ್ತಲಿಲ್ಲ. ಗುಮ್ಮಿ ಎತ್ತಿದಳು.