ತೊಂಬತ್ತೊಂಬತ್ತು ಪರ್ಸೆಂಟ್ ಅಡುಗೆಮನೆ

ಗಂಡ ಪ್ರತಿ ಸಂಜೆ ತೊಳೆಯುತ್ತಿದ್ದ. ಮೈಮರೆತು, ಸಂದುಗೊಂದು ಬಿಡದೆ ತೊಳೆಯುತ್ತಿದ್ದ. ಕೆಸರು ಮೆತ್ತಿದ ವ್ಯಾನು, ಪಾಚಿಗಟ್ಟಿದ ಅಂಗಳ, ಮಸಿ ಹಿಡಿದ ಬಂಗಲೆ, ಎಲ್ಲವೂ ಅವನ ಕೈಯಲ್ಲಿ ಫಳಫಳ ಹೊಳೆಯುತ್ತಿದ್ದವು. ಅವೆಲ್ಲ ಕಂಪ್ಯೂಟರ್ ಪರದೆಯ ಒಳಗಿದ್ದವು ಎನ್ನುವುದಷ್ಟೇ ಹೆಂಡತಿಯ ತಕರಾರು. ಗೋಡೆಯ ಆಚೆಗಿನ ಅಡುಗೆಮನೆಯಲ್ಲಿ ನಿನ್ನೆಯ ಪಾತ್ರೆಗಳು ಇಂದಿನವುಗಳ ಜೊತೆ ಸಂಸಾರ ಹೂಡಿದ್ದವು.

"ಗುಂಡು ಹಾರಿಸೋ ಗೇಮೆಲ್ಲ ಚಿಕ್ಕ ಹುಡುಗರಿಗೆ ಕಣೇ. ಈ ತೊಳೆಯೋ ಗೇಮು ಧ್ಯಾನ ಇದ್ದ ಹಾಗೆ, ಮನಸ್ಸು ಹಗುರಾಗತ್ತೆ," ಎನ್ನುತ್ತಿದ್ದ.

ಅವನಿಗೆ ಎಲ್ಲದರ ಬಗ್ಗೆಯೂ ಅಭಿಪ್ರಾಯವಿತ್ತು. ತಾಯಿ ನೋಡುವ ಧಾರಾವಾಹಿಯನ್ನೂ ಬಿಡುತ್ತಿರಲಿಲ್ಲ. "ಒಂದು ವಾರದಿಂದ ಆ ಸೊಸೆ ಮೆಟ್ಟಿಲ ಮೇಲೇ ನಿಂತಿದಾಳಲ್ಲಮ್ಮ, ಇಳಿಯಕ್ಕೆ ಡೈರೆಕ್ಟರು ಬಿಡ್ತಿಲ್ವಾ?"

"ಅವಳಾದ್ರೂ ನಿಂತಿದಾಳೆ. ನೀನು ಕೂತಲ್ಲೇ ಬೇರು ಬಿಟ್ಟಿದೀಯ," ಎನ್ನುತ್ತಿದ್ದರು ಅತ್ತೆ.

ಈ ಮಾತಿನ ಸುಖಕ್ಕೆ ಸಂಚಕಾರ ತಂದವರು ಮನೆ ಓನರಮ್ಮ. ಹೋದ ಸಲ ಬಾಡಿಗೆ ಕರಾರು ಮುಂದುವರಿಸಲು ಬಂದವರು ಒಲೆಯ ಹಿಂದಿನ ಗೋಡೆಯ ಮೇಲೆ ಬೆರಳು ಎಳೆದು, ಆ ಬೆರಳನ್ನೇ ನೋಡುತ್ತ ಹೇಳಿದ್ದರು: "ಮುಂದಿನ ಸಲವೂ ಹೀಗೇ ಇದ್ರೆ ಬೇರೆ ಮನೆ ನೋಡ್ಕೊಳಿ." ಆ ಮುಂದಿನ ಸಲ ಇವತ್ತು ಸಂಜೆಗೇ ಬಂದಿತ್ತು. ಹೆಂಡತಿಗೆ ಈ ಮನೆ ಬಿಡಲು ಸುತರಾಂ ಇಷ್ಟವಿಲ್ಲ. ಆಸ್ಪತ್ರೆಯ ಕೆಲಸಕ್ಕೆ ನಡೆದೇ ಹೋಗಬಹುದು. ಮಂಡಿನೋವಿನ ಅತ್ತೆಗೆ ಮೆಟ್ಟಿಲು ಹತ್ತಿ ಇಳಿಯುವ ಕಷ್ಟವಿಲ್ಲ. ಇಂಥದ್ದು ಮತ್ತೆಲ್ಲಿ ಸಿಗಬೇಕು?

"ರಜ ಹಾಕ್ತೀನಿ, ಅಡುಗೆಮನೆ ನಾನ್ ನೋಡ್ಕೋತೀನಿ," ಎಂದು ಗಂಡ ಮಾತು ಕೊಟ್ಟಿದ್ದ. ಅವಳು ಬೆಳಗಿನ ಪಾಳಿ ಮುಗಿಸಿ ಬಂದು ನೋಡಿದರೆ ಮಹಾರಾಯ ಪರದೆಯೊಳಗೆ ಯಾರದೋ ಈಜುಕೊಳ ತೊಳೆಯುತ್ತಿದ್ದ.

ಅವಳು ಕೂಗಾಡಲು ಬಾಯಿ ತೆರೆದಳು. ಅಷ್ಟರಲ್ಲಿ ಪರದೆಯ ಮೂಲೆಯಲ್ಲಿದ್ದ ಅಂಕಿ ಕಣ್ಣಿಗೆ ಬಿತ್ತು: ತೊಂಬತ್ತೊಂಬತ್ತು ಪರ್ಸೆಂಟ್.

"ಒಂದೇ ಒಂದು ಪರ್ಸೆಂಟ್ ಎಲ್ಲೋ ಉಳ್ಕೊಂಡಿದೆ, ತಡಿಯೇ," ಎನ್ನುತ್ತ ಅವನು ಮೂಗನ್ನು ಗಾಜಿಗೆ ತಾಗಿಸಿದ್ದ. ಏಣಿಯ ಕೆಳಗೆ ಕಲೆ ಸಿಕ್ಕಿತು. ಟಿಣ್ ಎಂದಿತು ಗೇಮು. ಅವನ ಮುಖ ಅರಳಿತು. ಮದುವೆಯ ಫೋಟೋದಲ್ಲೂ ಅಷ್ಟು ಅರಳಿರಲಿಲ್ಲ.

ಎಕ್ಸ್‌ರೇ ತೆಗೆಯುವುದು ಅವಳ ಕೆಲಸ. ಮನೆಯಲ್ಲಿ ಯಾರ ಮಾತಿಗೂ ಸೊಪ್ಪು ಹಾಕದ ಗಂಡಸರು ಯಂತ್ರದ ಮುಂದೆ 'ಉಸಿರು ಬಿಗಿಹಿಡೀರಿ' ಅಂದದ್ದೇ ಕಂಬದಂತೆ ನಿಲ್ಲುವುದನ್ನು ದಿನವೂ ಕಂಡಿದ್ದಳು. ಹೆಂಡತಿ ಹೇಳಿದರೆ ಕಿರಿಕಿರಿ, ಯಂತ್ರ ಹೇಳಿದರೆ ವಿಜ್ಞಾನ.

ಬಾಯಿ ಮುಚ್ಚಿಕೊಂಡು ಅತ್ತೆಯ ಬಳಿ ಹೋಗಿ ಕಿವಿಯಲ್ಲಿ ಏನೋ ಉಸುರಿದಳು. ಅತ್ತೆ ಧಾರಾವಾಹಿಯ ನಡುವೆಯೇ ಟಿವಿ ಆರಿಸಿದರು. ಕುರ್ಚಿಯನ್ನು ಅಡುಗೆಮನೆಯ ಬಾಗಿಲಿಗೆ ಹಾಕಿಸಿಕೊಂಡು, ಒಂದು ಸ್ಟೀಲ್ ಲೋಟ, ಒಂದು ಚಮಚ ಹಿಡಿದು ಕುಳಿತರು.

"ಹನ್ನೊಂದು ಪರ್ಸೆಂಟ್!"

"ಏನಮ್ಮ ಅದು?" ಒಳಗಿನಿಂದ ಮಗ ಕೇಳಿದ.

"ನಿನ್ನ ಅಡುಗೆಮನೆ ಕಣೋ. ಅದೂ ಗೋಡೆ ಗಡಿಯಾರ ಸ್ವಲ್ಪ ಹೊಳೀತಿದೆ ಅಂತ ಕೊಟ್ಟಿದ್ದು."

ನಗುತ್ತ ಎದ್ದು ಬಂದವನ ನಗೆ ಬಾಗಿಲಲ್ಲೇ ಮಾಸಿತು. "ಹನ್ನೊಂದಾ? ಇಪ್ಪತ್ತಾದ್ರೂ ಇದೆ."

"ಎಲ್ಲಿ, ತೋರ್ಸು."

ಅವನು ಅಂಗಿಯ ತೋಳು ಮಡಿಸಿದ. ಸಿಂಕು ಮುಗಿಯಿತು, ಅತ್ತೆಯ ಲೋಟ ಟಿಣ್ ಎಂದಿತು. ಒಲೆ ಮುಗಿಯಿತು, ಟಿಣ್. "ಈಗೆಷ್ಟು?" ಎಂದು ಉಸಿರಿಗೊಮ್ಮೆ ಕೇಳುವನು. ಕೈ ಉಜ್ಜುತ್ತಿದ್ದರೆ ಬಾಯಿ ವಿಮರ್ಶೆ ಮಾಡುತ್ತಿತ್ತು. "ನೀರಿನ ರಭಸ ಸಾಲದು, ಗೇಮಲ್ಲೇ ಚೆನ್ನಾಗಿದೆ. ಆದ್ರೆ ಜಿಡ್ಡು ಮಾತ್ರ ತುಂಬಾ ನೈಜವಾಗಿ ಬಂದಿದೆ."

"ತಾನಾಗಿ ಬಂದಿಲ್ಲ ರೀ, ನೀವೇ ಬರ್ಸಿರೋದು," ಎಂದಳು ಹೆಂಡತಿ. ಎಷ್ಟೋ ತಿಂಗಳ ಮೇಲೆ ಅವಳು ಟೀಯನ್ನು ಬಿಸಿಯಿರುವಾಗಲೇ ಕುಡಿಯುತ್ತಿದ್ದಳು.

ಓನರಮ್ಮ ಬಂದಾಗ ಅಂಕಿ ತೊಂಬತ್ತೊಂಬತ್ತಕ್ಕೆ ಬಂದು ನಿಂತಿತ್ತು. ಮನೆಯ ಯಜಮಾನ ಹಳೆಯ ಟೂತ್‌ಬ್ರಷ್ ಹಿಡಿದು, ಮೊಣಕಾಲೂರಿ, ಒಲೆಯ ಕೆಳಗೆ ತಲೆ ತೂರಿಸಿದ್ದ. ಓನರಮ್ಮ ಗೋಡೆಯ ಮೇಲೆ ಬೆರಳು ಎಳೆದರು. ಬೆರಳು ನೋಡಿದರು. ನಂಬಿಕೆಯಾಗದೆ ಇನ್ನೊಂದು ಬೆರಳು ಎಳೆದರು.

"ಏನು ಹುಡುಕ್ತಿದಾರೆ ಇವರು?"

"ಕೊಳೆ," ಎಂದಳು ಹೆಂಡತಿ. "ತೊಳೆಯೋ ಗೇಮು ನಡೀತಿದೆ, ಒಂದು ಪರ್ಸೆಂಟ್ ಸಿಗ್ತಿಲ್ಲ."

ಓನರಮ್ಮ ತಲೆಯೆತ್ತಿದರು. "ಎಕ್ಸಾಸ್ಟ್ ಫ್ಯಾನ್ ನೋಡಿದ್ರಾ?"

ಅವನು ಗುರುವನ್ನು ಕಂಡ ಶಿಷ್ಯನಂತೆ ಅವರನ್ನು ನೋಡಿ ಸ್ಟೂಲು ಹತ್ತಿದ. ಅವರು ಕರಾರಿಗೆ ಸಹಿ ಹಾಕಿ, "ಇನ್ನೊಂದು ವರ್ಷ ಇರಿ," ಎಂದು ಹೊರಟರು. ಹೊಸ್ತಿಲಲ್ಲಿ ನಿಂತು, "ನಮ್ಮನೆಯವರಿಗೂ ಈ ಗೇಮು ಕೊಡಿಸ್ಬೇಕು," ಎಂದೂ ಸೇರಿಸಿದರು.

ಫ್ಯಾನು ಬೆಳ್ಳಗಾಯಿತು. ಅತ್ತೆ ಚಮಚವನ್ನು ಜೋರಾಗಿ ಬಾರಿಸಿದರು. ಅವನು ಸ್ಟೂಲಿನ ಮೇಲೆಯೇ ಎರಡೂ ಕೈ ಎತ್ತಿದ. "ನೂರು! ನೋಡಿದ್ರಾ, ಮನಸ್ಸಿಟ್ರೆ ಎಷ್ಟು ಸುಲಭ! ನೀವಿಬ್ರೂ ಇದನ್ನ ಯಾಕೆ ಅಷ್ಟು ದೊಡ್ಡದು ಮಾಡ್ತಿದ್ರೋ."

ಸೊಸೆ ಅತ್ತೆಯ ಕಡೆ ನೋಡಿದಳು. ಅತ್ತೆ ಚಮಚವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.

"ಇಷ್ಟು ವರ್ಷ ನಾನೂ ಉಜ್ಜಿದೆ ಕಣೋ," ಎಂದರು. "ಯಾರೂ ಒಂದ್ಸಲ ಟಿಣ್ ಅನ್ನಿಸ್ಲಿಲ್ಲ."

ಎತ್ತಿದ ಕೈಗಳನ್ನು ಅವನು ಇಳಿಸಿದ. ಕೆಳಗಿಳಿದು ಕೈ ಒರೆಸಿಕೊಂಡ.

ಊಟವಾಯಿತು. ಅವನು ತಟ್ಟೆಯನ್ನು ಮೇಜಿನ ಮೇಲೇ ಬಿಟ್ಟು ಕಂಪ್ಯೂಟರಿನ ಮುಂದೆ ಕುಳಿತ. ಗೇಮು ತೆರೆದುಕೊಳ್ಳುವ ಮೊದಲೇ ಅತ್ತೆಯ ದನಿ ಕೇಳಿತು.

"ತೊಂಬತ್ತೇಳು."

"ಅಮ್ಮಾ, ಅದು ಕಮ್ಮಿ ಆಗಲ್ಲ! ಗೇಮಲ್ಲಿ ಒಂದ್ಸಲ ತೊಳೆದ್ರೆ ಮುಗೀತು, ಮತ್ತೆ ಕೊಳೆಯಾಗಲ್ಲ."

"ಹಾಗಾದ್ರೆ ಅದು ಮಕ್ಕಳಾಟ ಬಿಡು," ಎಂದರು ಅತ್ತೆ.

ಸೊಸೆ ತನ್ನ ತಟ್ಟೆಯನ್ನೂ ಅತ್ತೆಯ ತಟ್ಟೆಯನ್ನೂ ಮೆಲ್ಲಗೆ ಸಿಂಕಿಗಿಳಿಸಿ ನಲ್ಲಿಯ ಕಡೆ ಕೈ ಚಾಚದೆ ಹಿಂದೆ ಸರಿದಳು.

"ತೊಂಬತ್ತೊಂದು."

ಒಳಗೆ ಕುರ್ಚಿ ಕಿರುಗುಟ್ಟಿತು.