ರೆಪ್ಪೆ ಅಳಿಸುವ ಕೆಲಸ

ಟಿವಿ ಧಾರಾವಾಹಿಯಲ್ಲಿ ನನ್ನ ಅಣ್ಣ ಯಂತ್ರಮಾನವ. ಅತ್ತಿಗೆ ಆ ಯಂತ್ರಕ್ಕೆ ಮನಸೋತ ಹೆಂಗಸು. ಯಂತ್ರ ಕಣ್ಣು ಮಿಟುಕಿಸಬಾರದು. ಅಣ್ಣ ಎಷ್ಟು ಬಿಗಿಹಿಡಿದರೂ ದೃಶ್ಯಕ್ಕೆ ನಾಲ್ಕೈದು ಬಾರಿ ಮಿಟುಕಿಸಿಬಿಡುತ್ತಾನೆ. ಆ ಮಿಟುಕುಗಳನ್ನು ಹುಡುಕಿ ಕಂಪ್ಯೂಟರಿನಲ್ಲಿ ಅಳಿಸುವುದು ನನ್ನ ಕೆಲಸ. ಎಂಟನೇ ತರಗತಿಗೆ ಶಾಲೆ ಬಿಟ್ಟ ನನಗೆ ಇದನ್ನು ಕೊಡಿಸಿದವಳು ಅತ್ತಿಗೆ. "ಓದಿಲ್ಲದಿದ್ರೇನು, ಕಣ್ಣಿದೆಯಲ್ಲ ಇವಳಿಗೆ" ಎಂದು ಜಗಳವಾಡಿ ಕೊಡಿಸಿದ್ದಳು.

ಆ ಮಧ್ಯಾಹ್ನ ಬಂದ ದೃಶ್ಯದಲ್ಲಿ ಹೆಂಗಸು ಯಂತ್ರಕ್ಕೆ ತನ್ನ ಪ್ರೀತಿ ಹೇಳಿಕೊಳ್ಳುತ್ತಾಳೆ. ಚಿತ್ರೀಕರಣದ ದಿನ ಅತ್ತಿಗೆಗೆ ಜ್ವರ. ಅವಳ ಬೂದು ಕೋಟು ತೊಟ್ಟು, ಕ್ಯಾಮೆರಾಕ್ಕೆ ಬೆನ್ನು ಹಾಕಿ ನಿಂತವಳು ನೃತ್ಯದ ತಂಡದ ಹುಡುಗಿ. ಅತ್ತಿಗೆಯ ಮುಖ ಕಾಣುವ ಭಾಗ ಮೊದಲೇ ಬೇರೆ ದಿನ ತೆಗೆದಾಗಿತ್ತು; ಬೇಕಿದ್ದುದು ಅಣ್ಣನ ಮುಖ ಮಾತ್ರ.

ನಾನು ಎಣಿಸತೊಡಗಿದೆ. ಎರಡು ನಿಮಿಷಕ್ಕೆ ಮೂವತ್ತೊಂದು. ಅಣ್ಣನ ಗಂಟಲು ಏರಿ ಇಳಿಯಿತು. ಕೆಳತುಟಿ ಅದುರಿತು. ಅಪ್ಪ ಸತ್ತ ದಿನವೂ ಅಣ್ಣನ ಮುಖ ಹೀಗಾಗಿರಲಿಲ್ಲ. ನಿರ್ದೇಶಕರು 'ಕಟ್' ಎಂದ ಮೇಲೂ ಕ್ಯಾಮೆರಾ ಒಂದು ಗಳಿಗೆ ಓಡಿತ್ತು. ಆ ಹುಡುಗಿ ಕೈಯೆತ್ತಿ ಅಣ್ಣನ ಕಾಲರು ಸರಿಪಡಿಸಿದಳು, ದಿನಾ ಮಾಡುವವಳ ಹಾಗೆ. ಅಣ್ಣ ಆ ಕೈಗೆ ಕೆನ್ನೆ ಒತ್ತಿದ.

ಹಿಂದಕ್ಕೆ ಓಡಿಸಿ, ಪ್ರೀತಿಯ ಮಾತು ಕೇಳುತ್ತಿದ್ದ ಅಣ್ಣನ ಮುಖದ ಮೇಲೆ ನಿಲ್ಲಿಸಿದೆ. ಅಷ್ಟರಲ್ಲಿ ಬೆನ್ನ ಹಿಂದೆ ಅತ್ತಿಗೆಯ ದನಿ.

"ಏನೇ, ನಿಮ್ಮಣ್ಣ ಇವತ್ತೆಷ್ಟು ಕೆಲಸ ಕೊಟ್ರು? ಮನೇಲಿ ನೋಡಿದ್ರೆ ಆ ಮನುಷ್ಯನ್ನ ಚಾರ್ಜಿಗೆ ಹಾಕ್ಬೇಕು..."

ಪರದೆ ನೋಡಿದವಳು ಬಾಯಿಗೆ ಕೈಯಿಟ್ಟಳು.

"ಅಯ್ಯೋ! ಇವರಿಗೆ ಹೀಗೂ ನೋಡೋಕೆ ಬರುತ್ತಾ? ಎದುರಿಗೇ ನಿಂತಿದ್ರೂ ನಂಗೆ ಗೊತ್ತಾಗ್ಲಿಲ್ವಲ್ಲೇ! ಅಳಿಸ್ಬೇಡ ಕಣೇ. ನಿರ್ದೇಶಕರ ಹತ್ರ ನಾನು ಮಾತಾಡ್ತೀನಿ. ಯಂತ್ರಕ್ಕೂ ಮನಸ್ಸು ಕರಗ್ತು ಅಂತ ಕಥೆ ತಿರುಗಿಸ್ಲಿ."

ಮದುವೆಯಾದ ಆರು ವರ್ಷಗಳಲ್ಲಿ ಅವಳನ್ನು ಇಷ್ಟು ಖುಷಿಯಾಗಿ ಕಂಡಿರಲಿಲ್ಲ. ಕುರ್ಚಿ ಎಳೆದು ನನ್ನ ಪಕ್ಕ ಕೂತಳು.

"ಯಾವತ್ತು ತೆಗೆದಿದ್ದೇ ಇದು?"

ಬೇರೆ ಯಾವುದಾದರೂ ದಿನದ ಹೆಸರು ಹೇಳಿದ್ದರೆ ಮುಗಿಯುತ್ತಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಮಂಗಳವಾರ ಅತ್ತಿಗೆ... ನಿಮಗೆ ಜ್ವರ ಇತ್ತಲ್ಲ."

ನಗು ಅವಳ ಮುಖದಲ್ಲಿ ಹಾಗೇ ಇತ್ತು, ಇಳಿಯಲು ದಾರಿ ತಿಳಿಯದೆ.

"ಪೂರ್ತಿ ಹಾಕು."

"ಬೇಡ ಅತ್ತಿಗೆ."

"ಹಾಕು ಅಂದೆ."

ಹಾಕಿದೆ. ಕಾಲರಿನವರೆಗೂ, ಕೆನ್ನೆಯವರೆಗೂ ನೋಡಿದಳು. ಪಕ್ಕದ ಕೋಣೆಯಲ್ಲಿ ಯಾರೋ ಜೋರಾಗಿ ನಕ್ಕರು. ಅತ್ತಿಗೆ ತಾನು ತೊಟ್ಟಿದ್ದ ಅದೇ ಬೂದು ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಅದನ್ನು ಮಡಿಚಿ ನೆಲದ ಮೇಲಿಟ್ಟಳು.

"ಅಳಿಸು. ಒಂದೂ ಬಿಡಬೇಡ."

ನಾನು ಶುರು ಮಾಡಿದೆ. ಕಣ್ಣು ಮಂಜಾಗಿ ಏನೂ ಕಾಣುತ್ತಿರಲಿಲ್ಲ. ಅತ್ತಿಗೆ ಮುಂದಕ್ಕೆ ಬಾಗಿ ಪರದೆಯ ಮೇಲೆ ಬೆರಳಿಟ್ಟಳು.

"ಇಲ್ಲೊಂದಿದೆ ನೋಡು."